ದಂಡಿಗನಹಳ್ಳಿಗೆ ‘ಹಳ್ಳಿ’ ಬಂದದ್ದು ಯಾವಾಗ? ಲೆಕ್ಕ ಹಾಕಬೇಕಾದವರು ನೀವು!



ಶನಿವಾರ ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಹಾಸನದ ಬಸ್ಸು ಹತ್ತುವ ಹುಡುಗ ಹುಡುಗಿಯರನ್ನು ನೋಡಿ. ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಕಿವಿಯಲ್ಲಿ ಹಾಡು, ಕಣ್ಣಲ್ಲಿ ನಿದ್ದೆ. ವಾರವೆಲ್ಲ ಅಮೆರಿಕದ ಯಾವುದೋ ಬ್ಯಾಂಕಿನ ಲೆಕ್ಕವನ್ನೋ, ಇಂಗ್ಲೆಂಡಿನ ಯಾವುದೋ ಅಂಗಡಿಯ ಸರಕಿನ ಪಟ್ಟಿಯನ್ನೋ ಜಾಲಾಡಿ ಬಂದವರು. ಲಕ್ಷಾಂತರ ಸಾಲುಗಳ ನಡುವೆ ತಪ್ಪಿಹೋದ ಒಂದು ಸಾಲನ್ನು ಹುಡುಕಿ ತೆಗೆಯುವುದು ಇವರಿಗೆ ಚಿಟಿಕೆ ಹೊಡೆಯುವಷ್ಟರ ಕೆಲಸ. ಕಂಡಕ್ಟರು ‘ಎಲ್ಲಿಗೆ?’ ಎಂದರೆ ‘ಚನ್ನರಾಯಪಟ್ಟಣ’ ಎನ್ನುತ್ತಾರೆ. ಅಲ್ಲಿಂದ ಮುಂದೆ ಯಾವೂರಪ್ಪ ಎಂದು ಪಕ್ಕದವರು ಕೇಳಿದರೆ ‘ದಂಡಿಗನಹಳ್ಳಿ’ ಎನ್ನುತ್ತಾರೆ.

ಅವರಲ್ಲಿ ಒಬ್ಬರು ನೀವೇ ಆಗಿದ್ದರೆ ನಿಮಗೊಂದು ಪ್ರಶ್ನೆ. ದಂಡಿಗನಹಳ್ಳಿ ಎಂದರೆ ಏನು? ಆ ಹೆಸರು ಎಲ್ಲಿಂದ ಬಂತು? ನಿಮ್ಮೂರು ಬೇರೆಯಾಗಿದ್ದರೆ ಆ ಊರಿನ ಹೆಸರನ್ನೇ ಇಲ್ಲಿ ಇಟ್ಟುಕೊಂಡು ಓದಿ. ಪ್ರಶ್ನೆ ಅದೇ.

ಹೆಸರನ್ನು ಒಡೆದು ನೋಡೋಣ. ದಂಡಿಗ, ನ, ಹಳ್ಳಿ. ಕನ್ನಡದಲ್ಲಿ ‘ದಂಡಿಗೆ’ ಎಂಬ ಪದ ಇದೆ. ಪಲ್ಲಕ್ಕಿಗೂ ಹೇಳುತ್ತಾರೆ, ವೀಣೆಯ ಕೋಲಿಗೂ ಹೇಳುತ್ತಾರೆ. ಆದರೆ ಊರಿಗೆ ಅದರಿಂದ ಹೆಸರು ಬಂದಿದ್ದರೆ ದಂಡಿಗೆಯಹಳ್ಳಿ ಆಗಬೇಕಿತ್ತು. ಇಲ್ಲಿ ‘ನ’ ಬಂದಿದೆ. ರಾಮನ, ಭೀಮನ ಎಂಬಂತೆ ದಂಡಿಗನ. ಅಂದರೆ ಅವನೊಬ್ಬ ಗಂಡಸು. ಅವನ ಹೆಸರೇ ದಂಡಿಗನೋ, ದಂಡಿನಲ್ಲಿ ಇದ್ದವನೆಂದು ಬಂದ ಹೆಸರೋ, ಒಂದು ಪದವಿಯೋ? ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕೂ ಸೀಮೆಯಲ್ಲಿ ಕೇಳಿಬರುವ ಊರ ಹೆಸರು ಇದು. ಒಬ್ಬನೇ ಮನುಷ್ಯನ ಹೆಸರು ಇಷ್ಟು ಕಡೆ ಅಂಟಿಕೊಳ್ಳುವುದಕ್ಕಿಂತ ಒಂದು ಪದವಿಯ ಹೆಸರು ಅಂಟಿಕೊಳ್ಳುವುದು ಸುಲಭ. ಆದರೆ ಇದು ಊಹೆ. ಊಹೆಗೆ ಸಾಕ್ಷಿ ಬೇಕು.

ಇನ್ನು ‘ಹಳ್ಳಿ’. ಇದು ಹುಟ್ಟಿದಾಗ ಹಳ್ಳಿ ಆಗಿರಲಿಲ್ಲ, ‘ಪಳ್ಳಿ’ ಆಗಿತ್ತು. ತಮಿಳರ ತಿರುಚಿರಾಪಳ್ಳಿಯಲ್ಲಿ, ತೆಲುಗರ ಮದನಪಲ್ಲಿಯಲ್ಲಿ ಆ ಪಕಾರ ಇಂದಿಗೂ ಉಳಿದಿದೆ. ನಾವು ಮಾತ್ರ ಪಾಲನ್ನು ಹಾಲು ಮಾಡಿದೆವು, ಪುಲಿಯನ್ನು ಹುಲಿ ಮಾಡಿದೆವು, ಪೂವನ್ನು ಹೂ ಮಾಡಿದೆವು, ಪೆಸರನ್ನು ಹೆಸರು ಮಾಡಿದೆವು. ಕನ್ನಡವನ್ನು ಅಕ್ಕಪಕ್ಕದ ಸೋದರ ನುಡಿಗಳಿಂದ ಕಿವಿಗೆ ಬೇರೆಯಾಗಿಸಿದ ದೊಡ್ಡ ಬದಲಾವಣೆಗಳಲ್ಲಿ ಇದೊಂದು. ಇದು ಒಂದೇ ದಿನ ಆಗಲಿಲ್ಲ. ಸುಮಾರು ಹತ್ತನೆಯ ಶತಮಾನದ ಹೊತ್ತಿಗೆ ಶಾಸನಗಳಲ್ಲಿ ಹಕಾರ ಅಲ್ಲಲ್ಲಿ ಇಣುಕುತ್ತದೆ. ಹೊಯ್ಸಳರ ಕಾಲದಲ್ಲಿ ಪಕಾರ ಹಕಾರ ಎರಡೂ ಒಟ್ಟಿಗೇ ಓಡಾಡುತ್ತವೆ. ವಿಜಯನಗರದ ಹೊತ್ತಿಗೆ ಹಕಾರ ಗೆದ್ದುಬಿಟ್ಟಿರುತ್ತದೆ.

ಇಷ್ಟು ನಮ್ಮ ಪಂಡಿತರು ಹೇಳಿಕೊಟ್ಟಿದ್ದಾರೆ. ಆದರೆ ನಿಮ್ಮ ಹೋಬಳಿಯಲ್ಲಿ ಯಾವಾಗ? ಬೇಲೂರಿನ ಕಡೆ ಮೊದಲೋ, ಶ್ರವಣಬೆಳಗೊಳದ ಕಡೆ ಮೊದಲೋ? ಹೊಳೆಯ ದಡದ ಊರುಗಳು ಮುಂದೆ ಹೋದವೋ, ಬಯಲಿನ ಊರುಗಳೋ? ಅರಮನೆಯ ಬರವಣಿಗೆಯಲ್ಲಿ ಮೊದಲು ಬಂತೋ, ಉಳುವವನ ಬಾಯಲ್ಲೋ? ಇವಕ್ಕೆ ಉತ್ತರ ಹುಡುಕುವ ದಾರಿ ಇದೆ, ಗೆಳೆಯರೇ. ಅದರ ಒಂದು ತುದಿ ನಿಮ್ಮೂರಿನ ಕಲ್ಲಿನಲ್ಲಿದೆ. ಇನ್ನೊಂದು ತುದಿ ನಿಮ್ಮ ಬೆನ್ನಿನ ಚೀಲದಲ್ಲಿದೆ.

ಕಾಲಬುಡದಲ್ಲೇ ಇರುವ ಕಡತ

ಹಾಸನ ಸೀಮೆಯೆಂದರೆ ಕಲ್ಲಿನಲ್ಲಿ ಬರೆದ ಕಡತ. ಶಾಲೆಯಲ್ಲಿ ನಾವೆಲ್ಲ ಓದಿದ ಹಲ್ಮಿಡಿ ಶಾಸನ, ಸುಮಾರು ಕ್ರಿ.ಶ. ೪೫೦ರದು, ಬೇಲೂರು ತಾಲ್ಲೂಕಿನದು. ಬೆಂಗಳೂರಿನಲ್ಲೇ ಹುಟ್ಟಿದ ಇಂಗ್ಲಿಷರ ಮಗ ಬಿ. ಎಲ್. ರೈಸ್ ಹಳೆಯ ಮೈಸೂರು ಸಂಸ್ಥಾನ ಮತ್ತು ಕೊಡಗಿನ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಹೆಸರಿನ ಹನ್ನೆರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಐದನೆಯ ಸಂಪುಟ ಪೂರ್ತಿ ಹಾಸನ ಜಿಲ್ಲೆಯದು. ಬಂದದ್ದು ೧೯೦೨ರಲ್ಲಿ. ತಾಲ್ಲೂಕುವಾರು ಸಂಖ್ಯೆ ಕೊಟ್ಟು, ಯಾವ ಊರಿನ ಯಾವ ಗುಡಿಯ ಮುಂದಿನ ಕಲ್ಲು, ಯಾವ ಹೊಲದ ಕಲ್ಲು ಎಂದು ಬರೆದಿದ್ದಾರೆ.

ಚನ್ನರಾಯಪಟ್ಟಣ ತಾಲ್ಲೂಕಿನದೇ ಆದ ಶ್ರವಣಬೆಳಗೊಳಕ್ಕೆ ಬೇರೆಯದೇ ಸಂಪುಟ. ೧೮೮೯ರಲ್ಲಿ ರೈಸ್ ಅಲ್ಲಿನ ೧೪೪ ಶಾಸನ ಪ್ರಕಟಿಸಿದರು. ೧೯೨೩ರಲ್ಲಿ ಆರ್. ನರಸಿಂಹಾಚಾರ್ಯರು ಅದನ್ನೇ ತಿದ್ದಿ ಹಿಗ್ಗಿಸಿದಾಗ ಸಂಖ್ಯೆ ೫೦೦ ಆಯಿತು. ೧೯೭೩ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಮತ್ತೆ ತಂದಾಗ ೫೭೩. ಕಲ್ಲು ಹೆಚ್ಚಾಗಲಿಲ್ಲ, ಗೆಳೆಯರೇ. ನೋಡುವ ಕಣ್ಣು ಹೆಚ್ಚಾಯಿತು.

ಆ ಕಲ್ಲುಗಳಲ್ಲಿ ಬರೀ ರಾಜರಿಲ್ಲ. ಸಲ್ಲೇಖನದಿಂದ ಪ್ರಾಣ ಬಿಟ್ಟ ಸನ್ಯಾಸಿಗಳಿದ್ದಾರೆ. ದನ ಕಾಯಲು ಹೋಗಿ ಸತ್ತ ವೀರರಿದ್ದಾರೆ. ೧೧೮೧ರಲ್ಲಿ ಬೆಳಗೊಳದಲ್ಲಿ ಅಕ್ಕನ ಬಸದಿ ಕಟ್ಟಿಸಿದ ಆಚಿಯಕ್ಕ ಇದ್ದಾಳೆ. ಗದ್ದೆಯ ಅಳತೆ ಇದೆ, ತೆರಿಗೆಯ ಹೆಸರಿದೆ, ಕೆರೆಯ ತೂಬಿದೆ, ಎಲ್ಲೆಗೆ ನೆಟ್ಟ ಕಲ್ಲಿದೆ, ಎಲ್ಲೆ ಹೇಳುವಾಗ ನೆನಪಾದ ಹುಣಸೆಮರವಿದೆ. ನಿಮ್ಮ ಮುತ್ತಾತನ ಮುತ್ತಾತನ ಮಾತು ಅಲ್ಲಿದೆ.

ಎಣಿಸುವ ಕೆಲಸ ಹೊಸದಲ್ಲ

‘ಸಾಹಿತ್ಯಕ್ಕೂ ಲೆಕ್ಕಕ್ಕೂ ಏನು ಸಂಬಂಧ? ಎದೆಯ ಮಾತನ್ನು ಯಂತ್ರ ಎಣಿಸುತ್ತದೆಯೇ?’ ಎಂದು ಮೂಗು ಮುರಿಯುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಹೇಳಿ: ಕನ್ನಡದ ದೊಡ್ಡ ವಿದ್ವಾಂಸರೆಲ್ಲ ಎಣಿಸಿದವರೇ.

ಎ. ಎನ್. ನರಸಿಂಹಯ್ಯನವರು ಅತ್ಯಂತ ಹಳೆಯ ಕನ್ನಡ ಶಾಸನಗಳ ವ್ಯಾಕರಣ ಬರೆದರು. ಪುಸ್ತಕ ಬಂದದ್ದು ೧೯೪೧ರಲ್ಲಿ. ಜಿ. ಎಸ್. ಗಾಯಿ ಅವರು ಎಂಟರಿಂದ ಹತ್ತನೆಯ ಶತಮಾನದ ಶಾಸನಗಳನ್ನು ಹಿಡಿದು ಹಳಗನ್ನಡದ ಚಾರಿತ್ರಿಕ ವ್ಯಾಕರಣ ಬರೆದರು, ೧೯೪೬ರಲ್ಲಿ. ಇಂಥ ಕೆಲಸ ಆಗುವುದು ಹೇಗೆ? ಒಂದೊಂದು ರೂಪವನ್ನೂ ಹೆಕ್ಕಬೇಕು, ಯಾವ ಶಾಸನ, ಯಾವ ಸಾಲು, ಯಾವ ಕಾಲ ಎಂದು ಗುರುತು ಹಾಕಬೇಕು, ಜೋಡಿಸಬೇಕು, ಹೋಲಿಸಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟಿನ ಮೊದಲ ಸಂಪುಟ ೧೯೭೦ರಲ್ಲಿ ಬಂತು, ಎಂಟನೆಯದು ೧೯೯೫ರಲ್ಲಿ. ಆ ಮಹಾಕಾರ್ಯದ ಹಿಂದೆ ಇದ್ದದ್ದು ಕಾಗದದ ಚೀಟಿಗಳ ರಾಶಿ. ಚೀಟಿ ಬರೆದು, ಅಕಾರಾದಿಯಾಗಿ ಜೋಡಿಸಿ, ಕಣ್ಣು ಸವೆಸಿದವರ ಪುಣ್ಯದಲ್ಲಿ ನಾವು ಪದದ ಅರ್ಥ ನೋಡುತ್ತಿದ್ದೇವೆ.

ಯಂತ್ರ ಬಂದದ್ದೂ ಇದೇ ಚೀಟಿ ಕೆಲಸಕ್ಕೆ. ರೊಬೆರ್ತೊ ಬೂಸಾ ಎಂಬ ಇಟಲಿಯ ಪಾದ್ರಿಗೆ ಥಾಮಸ್ ಅಕ್ವಿನಾಸ್ ಎಂಬ ಸಂತನ ಲ್ಯಾಟಿನ್ ಬರಹದ ಒಂದೊಂದು ಪದಕ್ಕೂ ಸೂಚಿ ಬೇಕಾಗಿತ್ತು. ಒಂದು ಕೋಟಿಗೂ ಮೀರಿದ ಪದಗಳು. ಕೈಯಲ್ಲಿ ಆಗದ ಮಾತು. ೧೯೪೯ರಲ್ಲಿ ಆತ ಐಬಿಎಂ ಕಂಪನಿಯ ಬಾಗಿಲು ತಟ್ಟಿದರು. ತೂತು ಹೊಡೆದ ರಟ್ಟಿನ ಕಾರ್ಡುಗಳಿಂದ ಶುರುವಾದ ಆ ಕೆಲಸ ೫೬ ಸಂಪುಟಗಳಾಗಿ ಮುಗಿದದ್ದು ೧೯೮೦ರಲ್ಲಿ. ಆ ಕಾರ್ಡುಗಳಿಗೆ ತೂತು ಹೊಡೆದವರು ಬಹುಪಾಲು ಆ ಊರಿನ ಹುಡುಗಿಯರು. ಹೆಸರು ಪಾದ್ರಿಯದು, ಬೆವರು ಅವರದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದೂರದ ಇಟಲಿ ಯಾಕೆ, ಪಕ್ಕದ ಮದುರೈ ನೋಡಿ. ಜಪಾನಿನ ನೊಬೊರು ಕರಶಿಮ, ತಮಿಳುನಾಡಿನ ವೈ. ಸುಬ್ಬರಾಯಲು, ಇನ್ನೊಬ್ಬ ಜಪಾನಿ ತೊರು ಮತ್ಸುಯಿ ಸೇರಿ ಚೋಳ ಶಾಸನಗಳಲ್ಲಿ ಬರುವ ಜನರ ಹೆಸರುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದರು. ೧೯೭೮ರಲ್ಲಿ ಮೂರು ಸಂಪುಟಗಳ ಸೂಚಿ ಬಂತು. ಬರೀ ಹೆಸರಿನ ಪಟ್ಟಿ ಎಂದು ನಗಬೇಡಿ. ಹೆಸರಿನ ಬಾಲಕ್ಕೆ ಅಂಟಿದ ಬಿರುದುಗಳನ್ನು ಕಾಲವಾರು, ಸೀಮೆವಾರು ಎಣಿಸಿ, ಚೋಳರ ಆಳ್ವಿಕೆಯಲ್ಲಿ ಅಧಿಕಾರಿಗಳು ಯಾರಾಗಿದ್ದರು, ಭೂಮಿ ಯಾರ ಕೈಯಿಂದ ಯಾರ ಕೈಗೆ ಜಾರಿತು ಎಂಬುದನ್ನು ಅವರು ತೋರಿಸಿದರು. ಒಂದೊಂದೇ ಶಾಸನ ಓದಿದವರಿಗೆ ಕಾಣದ ಚಿತ್ರ ಸಾವಿರಾರನ್ನು ಒಟ್ಟಿಗೆ ಇಟ್ಟಾಗ ಕಂಡಿತು. ಹೆಸರಿನ ಬಾಲದಲ್ಲಿ ಚರಿತ್ರೆ ಇರುತ್ತದೆ. ನಮ್ಮ ‘ದಂಡಿಗ’ನಿಗೂ ಅಂಥದೊಂದು ಸೂಚಿ ಬೇಕು.

ಎಣಿಸುವುದು ಹೇಗೆ? ಎಡವುವುದು ಎಲ್ಲಿ?

ಸರಿ, ‘ಪಳ್ಳಿ’ ‘ಹಳ್ಳಿ’ಯಾದ ಲೆಕ್ಕವನ್ನು ಹಾಕೋಣ. ನಿಮಗೆ ಪ್ರೋಗ್ರಾಂ ಬರೆಯಲು ಬರುತ್ತದೆ. ಶಾಸನದ ಪಠ್ಯ ಕೊಟ್ಟರೆ ‘ಪ’ದಿಂದ ಶುರುವಾಗುವ ಪದ ಎಷ್ಟು, ‘ಹ’ದಿಂದ ಶುರುವಾಗುವ ಪದ ಎಷ್ಟು ಎಂದು ಹತ್ತು ಸಾಲಿನ ಪ್ರೋಗ್ರಾಂ ಎಣಿಸಿಕೊಡುತ್ತದೆ. ಐವತ್ತೈವತ್ತು ವರ್ಷಕ್ಕೆ ಒಂದು ಗುಡ್ಡೆ ಹಾಕಿ, ತಾಲ್ಲೂಕುವಾರು ಬಿಡಿಸಿ, ನಕ್ಷೆ ಬರೆದರೆ ಮುಗಿಯಿತು. ಅಲ್ಲವೇ?

ಮುಗಿಯಲಿಲ್ಲ. ಹಾಗೆ ಎಣಿಸಿದರೆ ಬರುವುದು ಹಸಿ ಸುಳ್ಳು.

ಮೊದಲನೆಯದು, ‘ಪ’ ಎಲ್ಲ ಕಡೆಯೂ ‘ಹ’ ಆಗಲಿಲ್ಲ. ಸಂಸ್ಕೃತದಿಂದ ಬಂದ ಪುಣ್ಯ, ಪಾಪ, ಪತಿ, ಪುತ್ರ ಹಾಗೆಯೇ ಉಳಿದವು. ದಾನಶಾಸನವೆಂದರೆ ಪುಣ್ಯ ಪಾಪದ ಮಾತೇ ಹೆಚ್ಚು. ಅವನ್ನೂ ಗುಡ್ಡೆಗೆ ಹಾಕಿದರೆ ‘ಇಂದಿಗೂ ಪಕಾರವೇ ಗೆದ್ದಿದೆ’ ಎಂದು ಯಂತ್ರ ಹೇಳೀತು. ಅಚ್ಚಗನ್ನಡದ ಪದಗಳನ್ನು ಬೇರೆ ಮಾಡಬೇಕು. ಅದರಲ್ಲೂ ಒತ್ತಕ್ಷರದ ಪಕಾರ ಮಿಸುಕಲಿಲ್ಲ. ಅಪ್ಪ ಅಪ್ಪನೇ, ಉಪ್ಪು ಉಪ್ಪೇ.

ಎರಡನೆಯದು, ಒಂದೇ ಕಲ್ಲಿನಲ್ಲಿ ಎರಡು ಬಗೆಯ ಕನ್ನಡ ಇರುತ್ತದೆ. ಮೇಲೆ ರಾಜನ ಹೊಗಳಿಕೆ. ಅದನ್ನು ಬರೆದವನು ಕವಿ, ಪದ್ಯದಲ್ಲಿ ಬರೆದಿದ್ದಾನೆ, ಹಳೆಯ ರೂಪಗಳನ್ನೇ ಹಟ ಹಿಡಿದು ಇಟ್ಟಿದ್ದಾನೆ. ಕೆಳಗೆ ಬಂದಾಗ ಕೊಟ್ಟ ಭೂಮಿಯ ವಿವರ. ಮೂಡಣ ಎಲ್ಲೆ ಯಾವುದು, ತೆಂಕಣ ಎಲ್ಲೆ ಯಾವುದು, ಯಾವ ಊರಿನ ದಾರಿ, ಯಾವ ಹಳ್ಳ. ಅಲ್ಲಿ ಊರ ಜನಕ್ಕೆ ಅರ್ಥವಾಗುವ ಮಾತು ಬೇಕು, ಇಲ್ಲದಿದ್ದರೆ ಎಲ್ಲೆಗೆ ಜಗಳ. ಹಾಗಾಗಿ ಬಾಯಿಮಾತು ನುಸುಳುವುದು ಅಲ್ಲಿ. ಹೊಗಳಿಕೆಯ ಭಾಗವನ್ನೂ ಎಲ್ಲೆಯ ಭಾಗವನ್ನೂ ಕಲಸಿ ಎಣಿಸಿದರೆ ಅರಮನೆಯ ಕನ್ನಡ ಊರ ಕನ್ನಡವನ್ನು ನುಂಗಿಹಾಕುತ್ತದೆ. ಎಲ್ಲೆಯ ಸಾಲುಗಳನ್ನು ಬೇರೆ ಗುರುತು ಮಾಡಬೇಕು. ಈ ಗುರುತು ಮಾಡುವವರು ಶಾಸನ ಓದಲು ಬಲ್ಲವರೇ ಆಗಬೇಕು.

ಮೂರನೆಯದು, ಹೊಯ್ಸಳರ ಕಾಲದ ಕಲ್ಲುಗಳು ರಾಶಿ ರಾಶಿ, ಗಂಗರ ಕಾಲದವು ಕಡಿಮೆ. ಬರೀ ಸಂಖ್ಯೆ ನೋಡಿದರೆ ಎಲ್ಲವೂ ಹೊಯ್ಸಳರ ಕಾಲದಲ್ಲೇ ಆಯಿತು ಎನಿಸುತ್ತದೆ. ನೂರಕ್ಕೆ ಎಷ್ಟು ಎಂಬ ಲೆಕ್ಕ ಬೇಕು. ತೇದಿ ಇಲ್ಲದ ಕಲ್ಲುಗಳನ್ನು ಲಿಪಿ ನೋಡಿ ‘ಸುಮಾರು ಇಷ್ಟನೆಯ ಶತಮಾನ’ ಎಂದು ಹೇಳಿರುತ್ತಾರೆ, ಆ ‘ಸುಮಾರು’ ಎಂಬ ಮಾತನ್ನೂ ಲೆಕ್ಕದಲ್ಲಿ ಉಳಿಸಿಕೊಳ್ಳಬೇಕು.

ನಾಲ್ಕನೆಯದು ಕನ್ನಡದ ಜಾಯಮಾನ. ಇಂಗ್ಲಿಷಿನಲ್ಲಿ ಪದಕ್ಕೆ ಅಂಟುವ ಬಾಲ ಒಂದೆರಡು. ನಮ್ಮಲ್ಲಿ ಹಳ್ಳಿ, ಹಳ್ಳಿಯ, ಹಳ್ಳಿಗೆ, ಹಳ್ಳಿಯಲ್ಲಿ, ಹಳ್ಳಿಗಳಿಂದಲೂ. ಇದರ ಮೇಲೆ ಸಂಧಿ. ಎರಡು ಪದ ಸೇರಿ ಒಂದಾದಾಗ ನಡುವಿನ ಅಕ್ಷರವೇ ಬೇರೆಯಾಗುತ್ತದೆ. ಯಂತ್ರಕ್ಕೆ ಇವೆಲ್ಲ ಒಂದೇ ಪದದ ಮಕ್ಕಳು ಎಂದು ಕಲಿಸದೆ ಹೋದರೆ ಅದು ಒಂದೊಂದನ್ನೂ ಬೇರೆ ಬೇರೆಯೆಂದು ಎಣಿಸುತ್ತದೆ. ಇದನ್ನು ಕಲಿಸುವ ಸೂತ್ರಗಳನ್ನು ಹೊಯ್ಸಳರ ಕಾಲದಲ್ಲೇ, ಹದಿಮೂರನೆಯ ಶತಮಾನದಲ್ಲಿ, ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಜೋಡಿಸಿಟ್ಟಿದ್ದಾನೆ. ಇಂಥ ಅಕ್ಷರದ ಮುಂದೆ ಇಂಥದು ಬಂದರೆ ಹೀಗಾಗುತ್ತದೆ ಎಂಬ ನಿಯಮಗಳು. ಪ್ರೋಗ್ರಾಂ ಬರೆಯುವ ನಿಮಗೆ ಅದನ್ನು ಓದಿದರೆ ನಗು ಬಂದೀತು. ‘ಅರೆ, ಇದು ನಮ್ಮ ಕೆಲಸವಲ್ಲವೇ!’

ಈಗ ಅರ್ಥವಾಯಿತೇ? ಹಳಗನ್ನಡ ಬಲ್ಲ ಮೇಷ್ಟರಿಲ್ಲದೆ ನಿಮ್ಮ ಕಂಪ್ಯೂಟರು ಕುರುಡು. ನಿಮ್ಮ ಕಂಪ್ಯೂಟರಿಲ್ಲದೆ ಮೇಷ್ಟರ ಆಯಸ್ಸು ಸಾಲದು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕನ್ನಡ ವಿಭಾಗಕ್ಕೂ ಕಂಪ್ಯೂಟರ್ ವಿಭಾಗಕ್ಕೂ ನಡುವೆ ಗೋಡೆ ಎದ್ದಿದೆ. ಆ ಗೋಡೆಗೆ ಕಿಂಡಿ ಕೊರೆಯುವ ಕೆಲಸ ಯಾವ ಮಂತ್ರಿಯಿಂದಲೂ ಆಗುವುದಿಲ್ಲ.

ಚಿತ್ರ ಬೇರೆ, ಪಠ್ಯ ಬೇರೆ

ಇದಕ್ಕೆಲ್ಲ ಮೊದಲು ಒಂದು ಬೇಕು. ಪಠ್ಯ ಬೇಕು.

ರೈಸರ ಹಳೆಯ ಸಂಪುಟಗಳು ಇಂಟರ್ನೆಟ್ ಆರ್ಕೈವಿನಲ್ಲಿ ಸಿಗುತ್ತವೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಸಂತೋಷ. ಆದರೆ ಅಲ್ಲಿರುವುದು ಪುಟಗಳ ಫೋಟೋ. ಮನುಷ್ಯ ಓದಬಹುದು, ಯಂತ್ರಕ್ಕೆ ಅದು ಬಿಳಿಯ ಮೇಲೆ ಕಪ್ಪು ಚುಕ್ಕಿ. ಅದನ್ನು ಅಕ್ಷರವಾಗಿ ತಿರುಗಿಸದ ಹೊರತು ಎಣಿಕೆಯೂ ಇಲ್ಲ, ಹುಡುಕಾಟವೂ ಇಲ್ಲ.

ಇನ್ನು ತೊಂಬತ್ತರ ದಶಕದಿಂದ ನಾವೇ ಬೆರಳಚ್ಚು ಮಾಡಿದ ರಾಶಿ ಇದೆಯಲ್ಲ, ಅದರ ಕತೆ ಇನ್ನೂ ಕೆಟ್ಟದು. ನಿಮ್ಮ ಮನೆಯಲ್ಲಿ ಅಕ್ಕನ ಮದುವೆಯ ಕರೆಯೋಲೆಯ ಹಳೆಯ ಫೈಲು ಇದ್ದರೆ ತೆರೆದು ನೋಡಿ. ಇಂಗ್ಲಿಷ್ ಅಕ್ಷರಗಳ ಮೇಲೆ ಕೊಂಬು ಚುಕ್ಕಿ ಇಟ್ಟಂಥ ಕಸ ಕಾಣುತ್ತದೆ. ಯಾಕೆಂದರೆ ಅಂದಿನ ಫಾಂಟುಗಳು ಹೊರಗೆ ಕನ್ನಡದ ವೇಷ, ಒಳಗೆ ಇಂಗ್ಲಿಷಿನ ಸಂಖ್ಯೆ. ಒಂದೊಂದು ಕಂಪನಿಗೆ ಒಂದೊಂದು ವೇಷ. ಕೆ. ಪಿ. ರಾವ್ ಕೀಲಿಮಣೆಯ ದಾರಿ ತೋರಿಸಿದರು. ೧೯೯೮ರಲ್ಲಿ ‘ಬರಹ’ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಪೂರ್ಣಚಂದ್ರ ತೇಜಸ್ವಿಯವರಂಥ ಲೇಖಕರು ಕನ್ನಡದ ತಂತ್ರಾಂಶಕ್ಕಾಗಿ ಹಟ ಹಿಡಿದರು. ಅವರೆಲ್ಲರ ಋಣ ನಮ್ಮ ಮೇಲಿದೆ. ಆದರೆ ಹಳೆಯ ಫಾಂಟುಗಳಲ್ಲಿ ಹೂತುಹೋದ ಪುಸ್ತಕ, ಪ್ರಬಂಧ, ಪತ್ರಿಕೆಗಳನ್ನು ಯೂನಿಕೋಡಿಗೆ ತಿರುಗಿಸುವ ಕೆಲಸ ಇನ್ನೂ ಬೆಟ್ಟದಷ್ಟಿದೆ.

ಯೂನಿಕೋಡಿನ ಮಾತು ಬಂದಾಗ ಒಂದು ಸಂಗತಿ ಕೇಳಿ, ನಿಮ್ಮ ರಕ್ತ ಕುದಿಯಲಿ. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೊಂದು ಸಂಖ್ಯೆ, ಒಂದೊಂದು ಹೆಸರು ಕೊಡುವ ಪಟ್ಟಿ ಅದು. ಮೊದಲ ಆವೃತ್ತಿ ೧೯೯೧ರಲ್ಲಿ ಬಂತು. ಹಳಗನ್ನಡದ ‘ೞ’ ಗೊತ್ತಲ್ಲ? ಕೋೞಿ, ಏೞು, ಬಾೞೆ ಎಂದು ಬರೆಯುತ್ತಿದ್ದರಲ್ಲ, ಆ ಅಕ್ಷರ. ಆ ಪಟ್ಟಿಯಲ್ಲಿ ನಮ್ಮ ‘ೞ’ಗೆ ಇಟ್ಟ ಹೆಸರು ‘ಫ’! ಹೌದು, ‘ಕನ್ನಡ ಅಕ್ಷರ ಫ’. ತಪ್ಪು ಎಂದು ಆಮೇಲೆ ಗೊತ್ತಾಯಿತು. ಆದರೆ ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಅವರ ನಿಯಮ. ಪಕ್ಕದಲ್ಲಿ ‘ಇದು ತಪ್ಪು ಹೆಸರು’ ಎಂಬ ಷರಾ ಬರೆದು, ಸರಿಯಾದ ಹೆಸರನ್ನು ಅಡ್ಡಹೆಸರಾಗಿ ಸೇರಿಸಿದ್ದಾರೆ. ಸಾವಿರ ವರ್ಷ ಕಲ್ಲಿನ ಮೇಲೆ ಬದುಕಿದ ಅಕ್ಷರಕ್ಕೆ ಕಂಪ್ಯೂಟರಿನಲ್ಲಿ ಅಡ್ಡಹೆಸರೇ ಗತಿ. ಯಾರನ್ನು ಬೈಯುವುದು? ಹೆಸರಿಡುವ ಹೊತ್ತಿನಲ್ಲಿ ಹಳಗನ್ನಡ ಬಲ್ಲ ಒಂದು ಕಣ್ಣು ಅದರ ಮೇಲೆ ಬಿದ್ದಿದ್ದರೆ ಸಾಕಿತ್ತು. ಬೈದು ಪ್ರಯೋಜನವಿಲ್ಲ. ಪಾಠ ಕಲಿಯಿರಿ: ನಮ್ಮ ಕೆಲಸ ನಾವು ಮಾಡದಿದ್ದರೆ ಬೇರೆಯವರು ಮಾಡುತ್ತಾರೆ, ಅವರಿಗೆ ತೋಚಿದಂತೆ ಮಾಡುತ್ತಾರೆ, ಅದು ಹಾಗೆಯೇ ನಿಂತುಬಿಡುತ್ತದೆ.

ಮಾಡಿದವರೂ ಇದ್ದಾರೆ

ಎಲ್ಲ ಕತ್ತಲೆಯಲ್ಲ. ೧೯೯೦ರ ದಶಕದಲ್ಲೇ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ಸುಮಾರು ೩೦ ಲಕ್ಷ ಪದಗಳ ಕನ್ನಡ ಪಠ್ಯವನ್ನು ಕಂಪ್ಯೂಟರಿಗಾಗಿ ಕೂಡಿಸಿತು. ‘ವಚನ ಸಂಚಯ’ವನ್ನು ನೋಡಿದ್ದೀರಾ? ಓ. ಎಲ್. ನಾಗಭೂಷಣ ಸ್ವಾಮಿಯವರ ಜೊತೆ ಓಂಶಿವಪ್ರಕಾಶ್, ಪವಿತ್ರ ಹಂಚಗಯ್ಯ ಅವರಂಥ ತಂತ್ರಜ್ಞಾನದ ತರುಣರು ಸೇರಿ ಕಟ್ಟಿದ್ದು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳು. ಒಂದು ಪದ ಹಾಕಿದರೆ ಅದನ್ನು ಯಾವ ವಚನಕಾರರು ಎಷ್ಟು ಸಲ ಬಳಸಿದ್ದಾರೆ ಎಂದು ಎದುರಿಗೆ ಬರುತ್ತದೆ. ‘ಕಾಯಕ’ ಎಂಬ ಪದವನ್ನು ಹುಡುಕಿ ನೋಡಿ. ಭಾಷಣದಲ್ಲಿ ಕೇಳಿದ್ದಕ್ಕೂ ವಚನಗಳಲ್ಲಿ ಇರುವುದಕ್ಕೂ ಎಷ್ಟು ಹೊಂ ದಾಣಿಕೆ ಇದೆ ಎಂದು ನೀವೇ ಅಳೆಯಬಹುದು. ಯಾರನ್ನೂ ಕೇಳಬೇಕಿಲ್ಲ.

ಬೆಂಗಳೂರಿನ ಮಿಥಿಕ್ ಸೊಸೈಟಿ ೨೦೨೧ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡುತ್ತಿದೆ. ಸವೆದು ಕಣ್ಣಿಗೆ ಕಾಣದ ಅಕ್ಷರಗಳು ಕಂಪ್ಯೂಟರಿನ ಪರದೆಯ ಮೇಲೆ ಬೆಳಕನ್ನು ಓರೆಯಾಗಿ ಬಿಟ್ಟಾಗ ಎದ್ದು ನಿಲ್ಲುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ತಂಡ ಅಚ್ಚಾದ ಕನ್ನಡ ಪುಟವನ್ನು ಪಠ್ಯವಾಗಿಸುವ ‘ಲಿಪಿಜ್ಞಾನಿ’ಯನ್ನು ಮಾಡಿದೆ. ವಿ. ಕೃಷ್ಣ ಎಂಬ ಹಿರಿಯರು ದಶಕಗಳ ಕಾಲ ಒಬ್ಬರೇ ಕೂಡಿಸಿದ ಕನ್ನಡ ಇಂಗ್ಲಿಷ್ ನಿಘಂಟು ‘ಅಲರ್’ ೨೦೧೯ರಲ್ಲಿ ಎಲ್ಲರಿಗೂ ಮುಕ್ತವಾಯಿತು.

ಹಾಗೆಂದು ಬೀಗುವುದು ಬೇಡ. ೧೯೯೮ರ ಪೊಂಗಲ್ ದಿನ ಸ್ವಿಟ್ಜರ್ಲೆಂಡಿನಲ್ಲಿ ಕುಳಿತ ಕೆ. ಕಲ್ಯಾಣಸುಂದರಂ ಎಂಬ ತಮಿಳರು ‘ಪ್ರಾಜೆಕ್ಟ್ ಮದುರೈ’ ಶುರುಮಾಡಿದರು. ಜಗತ್ತಿನ ಮೂಲೆಮೂಲೆಯ ತಮಿಳರು ಸಂಬಳವಿಲ್ಲದೆ ತಮ್ಮ ಹಳೆಯ ಸಾಹಿತ್ಯವನ್ನು ಬೆರಳಚ್ಚು ಮಾಡಿ ತಿದ್ದಿ ಹಂಚಿದರು. ನಾವು ತಮಿಳರ ಜೊತೆ ನೀರಿಗಾಗಿ ಜಗಳವಾಡಿದ್ದೇವೆ, ಶಾಸ್ತ್ರೀಯ ಸ್ಥಾನಮಾನಕ್ಕಾಗಿ ಪೈಪೋಟಿ ಮಾಡಿದ್ದೇವೆ. ೨೦೦೮ರಲ್ಲಿ ನಮಗೂ ಆ ಸ್ಥಾನ ಬಂತು, ಪಟಾಕಿ ಹೊಡೆದೆವು. ಬೆರಳಚ್ಚು ಮಾಡುವ ಚಟವನ್ನೂ ಅವರಿಂದ ಕಲಿತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

‘ಎಐ ಎಲ್ಲ ಮಾಡುತ್ತದೆ ಬಿಡಿ ಸಾರ್!’

ಇದು ಈಗಿನ ಹೊಸ ಸೋಮಾರಿತನ. ಕೃತಕ ಬುದ್ಧಿಮತ್ತೆ ಬಂದಿದೆ, ಅದೇ ಓದುತ್ತದೆ, ಅದೇ ಎಣಿಸುತ್ತದೆ, ನಾವೇಕೆ ಕಣ್ಣು ನೋಯಿಸಿಕೊಳ್ಳಬೇಕು?

ಕೇಳಿ. ಆ ಯಂತ್ರ ಕಲಿಯುವುದು ಇರುವ ಪಠ್ಯದಿಂದ. ಇಂಗ್ಲಿಷಿಗೆ ಸಮುದ್ರ ಇದೆ, ನಮಗೆ ಕೆರೆ. ಅದರಲ್ಲೂ ಹಳಗನ್ನಡಕ್ಕೆ ಬೊಗಸೆ. ಕಡಿಮೆ ಕಲಿತ ಯಂತ್ರ ಸುಮ್ಮನಿರುವುದಿಲ್ಲ, ಊಹಿಸಿ ಹೇಳುತ್ತದೆ. ಶಾಸನ ಓದುವ ಹಿರಿಯರು ಕಲ್ಲು ಒಡೆದ ಕಡೆ ಚುಕ್ಕಿ ಇಟ್ಟು ಬಿಡುತ್ತಾರೆ, ಅನುಮಾನದ ಅಕ್ಷರವನ್ನು ಕಂಸದೊಳಗೆ ಹಾಕುತ್ತಾರೆ. ಅದು ಅವರ ಪ್ರಾಮಾಣಿಕತೆ. ಯಂತ್ರಕ್ಕೆ ಆ ನಾಚಿಕೆಯನ್ನು ಕಲಿಸದಿದ್ದರೆ ಒಡೆದ ಜಾಗಕ್ಕೆ ತನಗೆ ತೋಚಿದ ಅಕ್ಷರ ತುಂಬಿ ಸಲೀಸಾಗಿ ಓದಿಬಿಡುತ್ತದೆ. ನಿಮ್ಮೂರಿನ ಕಲ್ಲಿನಲ್ಲಿ ಇಲ್ಲದ ದಂಡನಾಯಕನೊಬ್ಬ ಹುಟ್ಟಿಕೊಳ್ಳುತ್ತಾನೆ. ಮುಂದಿನ ಯಂತ್ರ ಅದನ್ನೇ ಓದಿ ಕಲಿಯುತ್ತದೆ. ಹತ್ತು ವರ್ಷದಲ್ಲಿ ಸುಳ್ಳೇ ಚರಿತ್ರೆಯಾಗುತ್ತದೆ. ಇದನ್ನು ತಡೆಯಬಲ್ಲದ್ದು ಒಂದೇ: ಮನುಷ್ಯರು ಓದಿ, ತಿದ್ದಿ, ಸಹಿ ಹಾಕಿದ ಶುದ್ಧ ಪಠ್ಯ.

ಲೆಕ್ಕವಿಲ್ಲದ ಅಭಿಮಾನಕ್ಕೂ ಇದೇ ಮಾತು. ‘ನಮ್ಮದು ಎರಡು ಸಾವಿರ ವರ್ಷದ ಭಾಷೆ’ ಎಂದು ನವೆಂಬರಿನಲ್ಲಿ ಮೈಕು ಹಿಡಿದು ಕೂಗುತ್ತೇವೆ. ಎದುರಿಗಿದ್ದವನು ‘ತೋರಿಸಪ್ಪಾ’ ಎಂದರೆ? ತೋರಿಸಲು ಕಲ್ಲಿದೆ. ಎಣಿಸಿಟ್ಟ ಸಾಕ್ಷಿ ಬೇಕು.

ಕೇಳಬೇಕಾದ್ದು, ಮಾಡಬೇಕಾದ್ದು

ಸರ್ಕಾರವನ್ನು, ವಿಶ್ವವಿದ್ಯಾಲಯಗಳನ್ನು ಕೇಳೋಣ. ಜನರ ತೆರಿಗೆಯ ಹಣದಲ್ಲಿ ಸಂಪಾದಿಸಿ ಅಚ್ಚು ಹಾಕಿದ ಶಾಸನ ಸಂಪುಟ, ನಿಘಂಟು, ವ್ಯಾಕರಣ, ಕಾವ್ಯ ಯಾವುದೇ ಇರಲಿ, ಯೂನಿಕೋಡ್ ಪಠ್ಯವಾಗಿ, ಯಾರು ಬೇಕಾದರೂ ಇಳಿಸಿಕೊಂಡು ಎಣಿಸಬಹುದಾದ ಹಾಗೆ ಬಿಡುಗಡೆ ಮಾಡಬೇಕು. ಚಿತ್ರವಾಗಿ ಸಾಲದು. ಒಂದೊಂದೇ ಪದ ಹುಡುಕಿ ನೋಡಿ ಹೋಗಿ ಎಂಬ ಕಿಟಕಿಯೂ ಸಾಲದು. ಇಡೀ ಪಠ್ಯ ಬೇಕು. ಕನ್ನಡ ಎಂ.ಎ. ಓದುವವರಿಗೆ ಒಂದಿಷ್ಟು ಪ್ರೋಗ್ರಾಂ, ಕಂಪ್ಯೂಟರ್ ಓದುವವರಿಗೆ ಒಂದಿಷ್ಟು ಕೇಶಿರಾಜ ಕಲಿಸಬೇಕು. ಇದು ಭಿಕ್ಷೆಯಲ್ಲ, ಹಕ್ಕು.

ಆದರೆ ಕೇಳಿ ಸುಮ್ಮನೆ ಕೂರಬೇಡಿ. ನಿಮ್ಮ ಕೈಯಲ್ಲೇ ಆಗುವುದು ಬೇಕಾದಷ್ಟಿದೆ. ವಾರಕ್ಕೆ ಎರಡು ಗಂಟೆ ಕೊಡಿ. ಐದನೆಯ ಸಂಪುಟ ಇಳಿಸಿಕೊಳ್ಳಿ. ನಿಮ್ಮ ತಾಲ್ಲೂಕಿನ ಭಾಗ ತೆಗೆಯಿರಿ. ವಾರಕ್ಕೊಂದು ಶಾಸನ ಬೆರಳಚ್ಚು ಮಾಡಿ. ‘ೞ’ ಇದ್ದಲ್ಲಿ ‘ಳ’ ಹಾಕಬೇಡಿ, ‘ಱ’ ಇದ್ದಲ್ಲಿ ‘ರ’ ಹಾಕಬೇಡಿ, ‘ತಪ್ಪು’ ಎಂದು ಕಂಡದ್ದನ್ನು ತಿದ್ದಬೇಡಿ. ಆ ತಪ್ಪಿನಲ್ಲೇ ಬಾಯಿಮಾತು ಅಡಗಿರುತ್ತದೆ. ತೇದಿ, ಊರು, ಸಾಲಿನ ಸಂಖ್ಯೆ ಬರೆಯಿರಿ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಮೂಲದ ಜೊತೆ ಹೋಲಿಸಲಿ. ಹಳಗನ್ನಡ ಬಲ್ಲ ಮೇಷ್ಟರೊಬ್ಬರನ್ನು ಹುಡುಕಿ, ಕಾಲಿಗೆ ಬೀಳಿ, ಜೊತೆಗೆ ಕೂರಿಸಿಕೊಳ್ಳಿ. ಇಟಲಿಯ ಆ ಹುಡುಗಿಯರ ಹಾಗೆ ಹೆಸರಿಲ್ಲದೆ ಹೋಗಬೇಡಿ, ಮಾಡಿದವರ ಹೆಸರನ್ನು ಪ್ರತಿ ಪುಟಕ್ಕೂ ಬರೆಯಿರಿ. ಹತ್ತು ಜನ ಗೆಳೆಯರು ಸೇರಿದರೆ ವರ್ಷಕ್ಕೆ ಐನೂರು ಶಾಸನ. ಒಂದು ತಾಲ್ಲೂಕಿನ ಕತೆ ಎದ್ದು ನಿಲ್ಲಲು ಅಷ್ಟು ಸಾಕು.

ಊರಿಗೆ ಹೋದಾಗ ಕಲ್ಲನ್ನೂ ನೋಡಿ ಬನ್ನಿ. ಸಂಪುಟದಲ್ಲಿ ‘ಗುಡಿಯ ಮುಂದೆ’ ಎಂದು ಬರೆದದ್ದು ಈಗ ಎಲ್ಲಿದೆ? ಬಟ್ಟೆ ಒಗೆಯಲು ಹಾಕಿದ್ದಾರೋ, ರಸ್ತೆಗೆ ಹೂತಿದ್ದಾರೋ, ನಿಧಿಯ ಆಸೆಗೆ ಒಡೆದಿದ್ದಾರೋ? ಫೋಟೋ ತೆಗೆಯಿರಿ. ಮೇಲೆ ಸುಣ್ಣ ಬಳಿಯಬೇಡಿ, ಎಣ್ಣೆ ಹಚ್ಚಬೇಡಿ, ಮೊಳೆಯಿಂದ ಕೆರೆಯಬೇಡಿ. ಅಜ್ಜಿಯನ್ನು ಕೂರಿಸಿಕೊಂಡು ಊರಿನ ಹೊಲ, ಕಟ್ಟೆ, ತೋಪುಗಳ ಹೆಸರು ಕೇಳಿ ಬರೆದುಕೊಳ್ಳಿ. ಆ ಹೆಸರುಗಳು ಯಾವ ಸಂಪುಟದಲ್ಲೂ ಇಲ್ಲದೆ ಇರಬಹುದು, ಅಜ್ಜಿಯ ಜೊತೆಗೇ ಹೋಗಿಬಿಡುತ್ತವೆ.

ಮುಂದಿನ ಶನಿವಾರ ಬಸ್ಸಿನಲ್ಲಿ ಪಕ್ಕದವರು ‘ಯಾವೂರಪ್ಪ?’ ಎಂದರೆ ‘ದಂಡಿಗನಹಳ್ಳಿ’ ಎನ್ನಿ. ‘ಹಾಗಂದರೇನು?’ ಎಂದು ಅವರು ಕೇಳಿದರೆ ಲ್ಯಾಪ್‌ಟಾಪ್ ತೆರೆದು, ನೀವೇ ಬೆರಳಚ್ಚು ಮಾಡಿದ ಮೊದಲ ಶಾಸನವನ್ನು ತೋರಿಸಿ ಹೇಳಿ: ‘ಹುಡುಕುತ್ತಿದ್ದೇನೆ. ನಿಮ್ಮದು ಯಾವೂರು? ನೀವೂ ಬನ್ನಿ.’